ಮರದ ಮೇಲೆ ಮೂಡಿದ ತಾಯಿಯ ಮುಖ

ಹಿರಿಯರು ಕಣ್ಮರೆಯಾದ ಮೇಲೆ ಮನೆಯಲ್ಲಿ ಉಳಿಯುವುದು ಅವರ ನುಡಿ, ಅವರ ನಡೆ ಮತ್ತು ಒಂದು ಭಾವಚಿತ್ರ. ನುಡಿ-ನಡೆಗಳು ಮಕ್ಕಳ ನೆನಪಿನಲ್ಲಿರುತ್ತವೆ. ಮೊಮ್ಮಕ್ಕಳ ಪಾಲಿಗೆ ದೊರೆಯುವುದು ಬಹುಮಟ್ಟಿಗೆ ಗೋಡೆಯ ಮೇಲಿನ ಭಾವಚಿತ್ರವೊಂದೇ. ಆದಕಾರಣ ಆ ಚಿತ್ರವು ಸತ್ಯವಾಗಿರಬೇಕೆಂಬುದು ಸಣ್ಣ ಮಾತಲ್ಲ. ಈ ತಿಳಿವಳಿಕೆ ನಮಗೆ ಬಂದದ್ದು ತಡವಾಗಿ, ಅದೂ ಒಂದು ಹಲಗೆಯನ್ನು ಸುಟ್ಟು ಹಾಳುಮಾಡಿಕೊಂಡ ಮೇಲೆ.

ನಮ್ಮ ತಾಯಿಯವರು 2003ರಲ್ಲಿ ಲಿಂಗೈಕ್ಯರಾದರು. 2023ರಲ್ಲಿ ಅವರ 20ನೆಯ ವರ್ಷದ ಪುಣ್ಯಸ್ಮರಣೆಯನ್ನು ಆಚರಿಸಬೇಕೆಂದು ನಾವು ಒಡಹುಟ್ಟಿದವರೆಲ್ಲ ಸೇರಿದಾಗ, ಅವ್ವನ ಒಂದು ಒಳ್ಳೆಯ ಭಾವಚಿತ್ರವೂ ಮನೆಯಲ್ಲಿಲ್ಲವೆಂಬ ಸಂಗತಿ ನಮ್ಮ ಗಮನಕ್ಕೆ ಬಂದಿತು. ಸ್ಟುಡಿಯೋಕ್ಕೆ ಹೋಗಿ ಒಬ್ಬರೇ ಕುಳಿತು ಫೋಟೋ ತೆಗೆಸಿಕೊಂಡವರಲ್ಲ ಅವರು. ಹಳೆಯ ಟ್ರಂಕಿನ ತಳದಲ್ಲಿ ಸಿಕ್ಕಿದ್ದು 1978ರಲ್ಲಿ ನಡೆದ ನಮ್ಮ ಹಿರಿಯಕ್ಕನ ಮದುವೆಯ ಕಪ್ಪು-ಬಿಳುಪಿನ ಗುಂಪುಚಿತ್ರ. ಎರಡನೆಯ ಸಾಲಿನ ತುದಿಯಲ್ಲಿ, ಇಳಕಲ್ಲ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು, ಹಣೆಯ ತುಂಬ ವಿಭೂತಿ ಧರಿಸಿ, ಹುಬ್ಬು ಗಂಟಿಕ್ಕಿ ಕುಳಿತಿದ್ದಾರೆ. ಅವರ ಮುಖದ ಎತ್ತರ ಒಂದು ಸೆಂಟಿಮೀಟರಿಗಿಂತ ಹೆಚ್ಚಿಲ್ಲ. ಚಿತ್ರದ ಮೇಲೆ ಅಲ್ಲಲ್ಲಿ ಹುಳು ತಿಂದ ಬಿಳಿಯ ಕಲೆಗಳು.

ಮರದ ಮೇಲೆ ಲೇಸರ್ ಕಿರಣದಿಂದ ಭಾವಚಿತ್ರ ಕೆತ್ತುತ್ತಾರೆಂದು ಕೇಳಿದ್ದೆವು. ಕಾಗದಕ್ಕೆ ಹುಳು ಹತ್ತುತ್ತದೆ, ಬಣ್ಣ ಮಾಸುತ್ತದೆ. ಸುಟ್ಟು ಮೂಡಿಸಿದ ಗೆರೆ ಹಾಗೆ ಅಳಿಯಲಾರದೆಂದು ಎಣಿಸಿ, ಹುಬ್ಬಳ್ಳಿಯ ಒಂದು ಚಿಕ್ಕ ಅಂಗಡಿಗೆ ಚಿತ್ರವನ್ನೂ, ನಮ್ಮ ಹಳೆಯ ಮನೆಯ ಬಾಗಿಲಿನ ತೇಗದ ಹಲಗೆಯೊಂದನ್ನೂ ಹೊತ್ತುಕೊಂಡು ಹೋದೆವು. ಅವ್ವ ದಿನವೂ ತೆರೆದು ಮುಚ್ಚಿದ ಬಾಗಿಲಿನಲ್ಲಿಯೇ ಅವರ ಮುಖ ಮೂಡಲಿ ಎಂಬುದು ನಮ್ಮ ಆಸೆ.

ಅಂಗಡಿಯ ತರುಣನು ಹಲಗೆಯನ್ನು ನೋಡಿ ತಲೆಯಾಡಿಸಿದನು. ಅವನು ಹೇಳಿದ್ದರ ಸಾರ ಇಷ್ಟು: ಈ ಯಂತ್ರಕ್ಕೆ ಬಣ್ಣವೂ ಇಲ್ಲ, ಬೂದುಛಾಯೆಯೂ ಇಲ್ಲ. ಅದು ಬಲ್ಲದ್ದು ಎರಡೇ, ಸುಡುವುದು ಮತ್ತು ಸುಡದೆ ಬಿಡುವುದು. ಸುಟ್ಟಲ್ಲಿ ಕಪ್ಪು, ಬಿಟ್ಟಲ್ಲಿ ಮರದ ಸಹಜ ಬಣ್ಣ. ಮರವೇ ಕಂದುಬಣ್ಣದ್ದಾದರೆ ಬೆಳಕು ಎಲ್ಲಿಂದ ಬರಬೇಕು? ಇದಲ್ಲದೆ ತೇಗದ ಎಳೆಗಳು ಗಾಢವಾಗಿರುತ್ತವೆ. ಒಂದು ಎಳೆ ಕೆನ್ನೆಯ ಮೇಲೆ ಹಾದುಹೋದರೆ ಗಾಯದ ಗುರುತಿನಂತೆ ಕಾಣುತ್ತದೆ. ತಿಳಿಬಣ್ಣದ, ನಯವಾದ, ಎಳೆ ಎದ್ದು ಕಾಣದ ಮರ ಬೇಕು. ನಮ್ಮ ನಾಡಿನ ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಹಾಲೆ ಮರ ಅಂಥ ಗುಣದ್ದು. ಅಂಗಡಿಯಲ್ಲಿ ಆಗ ಇದ್ದದ್ದು ಬರ್ಚ್ ಮರದ ಪ್ಲೈವುಡ್. ನಾವು ಅದನ್ನೇ ಒಪ್ಪಿಕೊಂಡೆವು.

ಮುಂದಿನ ಪ್ರಶ್ನೆ ಚಿತ್ರದ್ದು. ಯಂತ್ರವು ಒಂದು ಮಿಲಿಮೀಟರಿಗೆ 10 ಗೆರೆಗಳಂತೆ ಸುಡುತ್ತದೆ. ಒಂದು ಸೆಂಟಿಮೀಟರಿನ ಮುಖವನ್ನು ಒಂದು ಅಂಗುಲಕ್ಕೆ 600 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ ದೊರೆಯುವುದು ಸುಮಾರು 236 ಚುಕ್ಕೆ. ಅದು ಎರಡೂವರೆ ಸೆಂಟಿಮೀಟರಿಗೂ ಸಾಲದು. 1200ರಂತೆ ಮಾಡಿದರೆ 472 ಚುಕ್ಕೆ, ಅಂದರೆ ಐದು ಸೆಂಟಿಮೀಟರಿಗೆ ತುಸು ಕಡಿಮೆ. ಮುಖವು ಅಷ್ಟಕ್ಕಿಂತ ದೊಡ್ಡದಾಗಬಾರದು, ದೊಡ್ಡದಾದರೆ ಇಲ್ಲದ್ದನ್ನು ಕಲ್ಪಿಸಬೇಕಾಗುತ್ತದೆ ಎಂದು ತರುಣನು ಎಚ್ಚರಿಸಿದನು. ನಾವು ಆ ಎಚ್ಚರಿಕೆಯನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಗೋಡೆಗೆ ದೊಡ್ಡ ಚಿತ್ರವೇ ಬೇಕೆಂದು ಹಟ ಹಿಡಿದೆವು.

ಚಿತ್ರವನ್ನು ಸಿದ್ಧಪಡಿಸುವ ಕೆಲಸವನ್ನು ನಮ್ಮ ಮನೆಯ ಹುಡುಗನೇ ವಹಿಸಿಕೊಂಡನು. ಅಕ್ಕನ ಮೊಮ್ಮಗ, ಕಂಪ್ಯೂಟರ್ ಬಲ್ಲವನು. ಹಳೆಯ ಚಿತ್ರಗಳನ್ನು ಸ್ಪಷ್ಟಗೊಳಿಸುವ ಕೃತಕ ಬುದ್ಧಿಮತ್ತೆಯ ತಂತ್ರಾಂಶದಲ್ಲಿ ಅವನು ಮುತ್ತಜ್ಜಿಯ ಮುಖವನ್ನು ಹಾಕಿದನು. ನಾವೂ ಹಿಂದೆ ನಿಂತು ಸಲಹೆ ಕೊಟ್ಟೆವು. ಕಲೆ ತೆಗೆ, ಸುಕ್ಕು ತೆಗೆ, ಹುಬ್ಬಿನ ಗಂಟು ಬಿಡಿಸು, ಅವ್ವ ಸ್ವಲ್ಪ ನಗುಮುಖದಲ್ಲಿರಲಿ ಎಂದೆವು. ಕ್ಷಣಮಾತ್ರದಲ್ಲಿ ಎಲ್ಲವೂ ಆಯಿತು. ಕಣ್ಣುಗಳು ಹೊಳೆದವು, ಕೆನ್ನೆ ನುಣುಪಾಯಿತು. ಹೊಸ ಹಲಗೆಯ ಮೇಲೆ ಆ ಮುಖ ಮೂಡಿ ಮನೆಗೆ ಬಂದಿತು.

ಅವ್ವನ ತಂಗಿ, ನಮ್ಮ ಚಿಕ್ಕವ್ವ, ಆಗ 86 ವರ್ಷದವರು. ಹಲಗೆಯನ್ನು ಅವರ ಮುಂದಿಟ್ಟೆವು. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಆಮೇಲೆ, "ಚೆಂದ ಅದಾಳು. ಇಕಿ ಯಾರ ಪೈಕಿ?" ಎಂದು ಕೇಳಿದರು.

ಯಾರೂ ಮಾತನಾಡಲಿಲ್ಲ. ಚಿಕ್ಕವ್ವನ ಕಣ್ಣು ಮಂಜಾಗಿರಬಹುದೆಂದು ನಮಗೆ ನಾವೇ ಸಮಾಧಾನ ಹೇಳಿಕೊಂಡು ಮತ್ತೆ ನೋಡಿದೆವು. ಆಗ ಕಂಡಿತು: ಹಣೆಯ ಮೇಲೆ ವಿಭೂತಿ ಇರಲಿಲ್ಲ. ಹುಳು ತಿಂದ ಬಿಳಿಯ ಕಲೆಯನ್ನೂ, ಅವ್ವ ಧರಿಸಿದ ವಿಭೂತಿಯನ್ನೂ ತಂತ್ರಾಂಶವು ಒಂದೇ ಎಂದು ಬಗೆದು ಒರೆಸಿಬಿಟ್ಟಿತ್ತು. ಕಾಣದ ಕಣ್ಣಿನ ಅಂಚನ್ನು, ತುಟಿಯ ತಿರುವನ್ನು ಅದು ತಾನು ಕಲಿತ ಅಸಂಖ್ಯ ಪರರ ಮುಖಗಳಿಂದ ಊಹಿಸಿ ತುಂಬಿತ್ತು. ಒಬ್ಬ ಸುಂದರ ಅಪರಿಚಿತಳನ್ನು ನಾವು ತಾಯಿಯೆಂದು ಗೋಡೆಗೆ ತೂಗುಹಾಕಲು ಹೊರಟಿದ್ದೆವು. ಹುಡುಗನನ್ನು ದೂರುವಂತಿರಲಿಲ್ಲ, ನಗು ಬೇಕೆಂದವರು ನಾವೇ.

ಮರುದಿನ ಅಂಗಡಿಗೆ ಹೋಗಿ, "ತಮ್ಮಾ, ಮೊದಲಿನಿಂದ ಮಾಡೋಣ" ಎಂದೆವು. ಈ ಸಲ ಮುಖವು ಐದು ಸೆಂಟಿಮೀಟರಿನೊಳಗೇ ಇರಲಿ ಎಂದೂ ನಾವೇ ಹೇಳಿದೆವು. ಮೂಲಚಿತ್ರವನ್ನು ತೆರೆದು, ಹುಳು ತಿಂದ ಕಲೆಗಳನ್ನು ಒಂದೊಂದಾಗಿ ಕೈಯಿಂದಲೇ ಮುಚ್ಚಿದೆವು. ಯಾವುದು ಕಲೆ, ಯಾವುದು ವಿಭೂತಿ ಎಂದು ತೋರಿಸಲು ಪಕ್ಕದಲ್ಲಿ ಕುಳಿತೆವು. ಹಿಂದಿನ ಜನರನ್ನೂ ಚಪ್ಪರವನ್ನೂ ತೆಗೆದು ಹಿನ್ನೆಲೆಯನ್ನು ಖಾಲಿ ಬಿಟ್ಟೆವು. ವಿಭೂತಿ ಕಾಣಬೇಕಾದರೆ ಹಣೆಯ ಛಾಯೆಯನ್ನು ತುಸು ಗಾಢಗೊಳಿಸಬೇಕಾಯಿತು. ಇಲ್ಲಿಯೇ ನಮಗೆ ಈ ಕಲೆಯ ಗುಟ್ಟು ತಿಳಿದದ್ದು. ಮರದಲ್ಲಿ ಬಿಳುಪನ್ನು ಬರೆಯಲಾಗದು, ಬಿಡಬಹುದು ಅಷ್ಟೇ. ಸುತ್ತಲಿನ ಹಣೆಯನ್ನು ಕಿರಣವು ಚುಕ್ಕೆಚುಕ್ಕೆಯಾಗಿ ಸುಡುತ್ತದೆ. ಅದು ಮುಟ್ಟದೆ ಬಿಟ್ಟ ಜಾಗವೇ ವಿಭೂತಿಯಾಗುತ್ತದೆ.

ಬೂದುಛಾಯೆಯನ್ನು ತೋರಿಸುವ ಉಪಾಯ ವೃತ್ತಪತ್ರಿಕೆಯ ಚಿತ್ರಗಳದ್ದೇ. ಭೂತಗನ್ನಡಿಯಲ್ಲಿ ನೋಡಿದರೆ ಅಲ್ಲಿ ಕಾಣುವುದು ಬರಿಯ ಚುಕ್ಕೆಗಳು. ದೂರದಿಂದ ಅವೇ ನೆರಳು-ಬೆಳಕಾಗುತ್ತವೆ. ಗಣಕಯಂತ್ರದಲ್ಲಿ ಚುಕ್ಕೆಗಳನ್ನು ಹೀಗೆ ಹರಡುವ ಒಂದು ಪ್ರಸಿದ್ಧ ಕ್ರಮವನ್ನು ಫ್ಲಾಯ್ಡ್ ಮತ್ತು ಸ್ಟೈನ್‌ಬರ್ಗ್ ಎಂಬ ಇಬ್ಬರು 1976ರಲ್ಲಿ ಪ್ರಕಟಿಸಿದರು. ಇಂದಿಗೂ ಅಂಗಡಿಗಳಲ್ಲಿ ಬಳಕೆಯಲ್ಲಿರುವುದು ಅದು. ಕಿರಣದ ಮೂಲವಾದ ಇಂಗಾಲದ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದವರು ಕುಮಾರ್ ಪಟೇಲ್. ಅವರು ಹುಟ್ಟಿದ್ದು 1938ರಲ್ಲಿ, ನಮ್ಮ ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ. ಇದನ್ನು ತಿಳಿದು ನಮಗೆ ಅಭಿಮಾನವೆನಿಸಿತು.

ಹಲಗೆಯನ್ನು 220ರ ನಯವಾದ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ ಧೂಳು ಒರೆಸಿದ್ದಾಯಿತು. ಪ್ಲೈವುಡ್ಡಿನ ಮೇಲ್ಪದರ ತೆಳ್ಳಗಿರುವುದರಿಂದ ಹೆಚ್ಚು ಉಜ್ಜುವಂತಿಲ್ಲ. ಅದೇ ಮರದ ತುಂಡೊಂದರ ಮೇಲೆ ಬೇರೆ ಬೇರೆ ವೇಗ ಮತ್ತು ಶಕ್ತಿಗಳಲ್ಲಿ ಚಿಕ್ಕ ಚಿಕ್ಕ ಚೌಕಗಳನ್ನು ಸುಟ್ಟು, ಯಾವ ಛಾಯೆ ಸರಿಯೆಂದು ಆರಿಸಿದೆವು. ಆಮೇಲೆ ಹಲಗೆಯನ್ನು ಯಂತ್ರದೊಳಗಿಟ್ಟು, ಮುಚ್ಚಳ ಹಾಕಿ, ಹೊಗೆ ಎಳೆಯುವ ಫ್ಯಾನು ಹಚ್ಚಿದರು. ಕಿರಣ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಹೊತ್ತ ತಲೆಯು ಮಗ್ಗದ ಲಾಳಿಯಂತೆ ಅತ್ತಿಂದಿತ್ತ ಓಡುತ್ತ, ಒಂದೊಂದೇ ಗೆರೆಯಾಗಿ ಕೆಳಗಿಳಿಯುತ್ತದೆ. 20 ಸೆಂಟಿಮೀಟರ್ ಎತ್ತರದ ಹಲಗೆಗೆ 2000 ಗೆರೆ. ಮೊದಲು ಸೆರಗು, ಬಳಿಕ ಹಣೆ, ಹುಬ್ಬು, ಕಣ್ಣು ಮೂಡಿದವು. ಸೆರಗಿನ ನೇಯ್ಗೆಯ ಸೂಕ್ಷ್ಮ ಚುಕ್ಕೆಗಳಲ್ಲಿ ಕಳೆದುಹೋಯಿತು. ಹೋಗಲಿ ಎಂದುಕೊಂಡೆವು, ಇಲ್ಲದ್ದನ್ನು ತುಂಬುವ ಆಸೆ ನಮ್ಮಲ್ಲಿ ಉಳಿದಿರಲಿಲ್ಲ.

ಎರಡನೆಯ ಹಲಗೆಯನ್ನು ಚಿಕ್ಕವ್ವನ ಮುಂದಿಟ್ಟೆವು. ಈ ಬಾರಿ ಅವರು ಕನ್ನಡಕಕ್ಕೆ ಕೈ ಹಾಕಲಿಲ್ಲ. "ಅಯ್ಯ ನಮ್ಮಕ್ಕ! ಇನ್ನೂ ಸಿಟ್ಟು ಇಳಿದಿಲ್ಲೇನ ನಿಂದು?" ಎಂದು ಹಲಗೆಯನ್ನೇ ಮಾತನಾಡಿಸಿದರು. ನಾವು ಕೇಳದೆಯೇ ಆ ದಿನದ ಕಥೆ ಹೊರಬಂದಿತು. ಬೀಗರ ಕಡೆಯಿಂದ ಎಣಿಸಿದ್ದಕ್ಕಿಂತ ಹೆಚ್ಚು ಜನ ಬಂದು, ಮೊದಲ ಪಂಕ್ತಿಗೇ ಹುಗ್ಗಿ ಮುಗಿಯುತ್ತ ಬಂದಿತ್ತಂತೆ. ಅವ್ವ ಮತ್ತೆ ಒಲೆಯ ಮೇಲೆ ಹಂಡೆ ಏರಿಸಿ ನಿಂತಿದ್ದಾಗ ಫೋಟೋದವನು ಕರೆಕಳಿಸಿದನಂತೆ. ಕೈ ಒರೆಸಿಕೊಂಡು ಬಂದು ಸಾಲಿನ ತುದಿಯಲ್ಲಿ ಕುಳಿತು, "ಲಗೂ ತಗೀಪಾ, ಒಲಿ ಮ್ಯಾಲೆ ಹುಗ್ಗಿ ಐತಿ" ಎಂದರಂತೆ. ಆ ಸಂಜೆ ಯಾರೂ ಹಸಿದು ಹೋಗಲಿಲ್ಲ, ಅವ್ವ ಮಾತ್ರ ಉಣ್ಣುವುದು ನಡುರಾತ್ರಿಯಾಯಿತು ಎಂದು ಚಿಕ್ಕವ್ವ ಹೇಳಿದರು.

ನಾವು ಅಳಿಸಲು ಹೊರಟಿದ್ದ ಹುಬ್ಬಿನ ಗಂಟು ಅದು. ನಲವತ್ತೈದು ವರ್ಷ ಆ ಚಿತ್ರ ಮನೆಯಲ್ಲಿದ್ದರೂ, ಅವರು ಏಕೆ ಹಾಗೆ ಕುಳಿತಿದ್ದರೆಂದು ನಾವು ಒಮ್ಮೆಯೂ ಕೇಳಿರಲಿಲ್ಲ.

ಬಾಗಿಲಿನ ತೇಗದ ಹಲಗೆ ವ್ಯರ್ಥವಾಗಲಿಲ್ಲ. ಬಡಿಗರಿಂದ ಅದನ್ನೇ ಚಿತ್ರದ ಚೌಕಟ್ಟಾಗಿ ಮಾಡಿಸಿದೆವು. ಎಣ್ಣೆ ಹಚ್ಚಿದರೆ ತಿಳಿಮರ ಕಪ್ಪಾಗಿ ಮುಖ ಮಸುಕಾಗುವುದೆಂದು ಬಣ್ಣವಿಲ್ಲದ ಲ್ಯಾಕರ್ ಮಾತ್ರ ಬಳಿಸಿದೆವು. ನೇರ ಬಿಸಿಲು ಬೀಳದ, ದೀಪದ ಹೊಗೆ ತಾಗದ ಗೋಡೆಯ ಮೇಲೆ ಅದು ಈಗ ಇದೆ.

ಇಂಥ ಕೆಲಸಕ್ಕೆ ಕೈಹಾಕುವ ಮನೆತನದವರಲ್ಲಿ ನಮ್ಮದೊಂದು ವಿನಂತಿ. ಮರಕ್ಕೂ ಯಂತ್ರಕ್ಕೂ ಬೇಕಾದದ್ದನ್ನು ಅಂಗಡಿಯವರು ಬಲ್ಲರು. ಆದರೆ ಮುಖದಲ್ಲಿ ಯಾವುದು ಕಲೆ, ಯಾವುದು ಗುರುತು ಎಂಬುದನ್ನು ಮನೆಯವರೇ ಹೇಳಬೇಕು. ಚಿತ್ರವನ್ನು ತಿದ್ದುವ ಮೊದಲು ಮನೆಯ ಹಿರಿಯ ಜೀವದ ಬಳಿ ಕುಳಿತು ಕೇಳಿರಿ. ಟ್ರಂಕಿನಲ್ಲಿರುವ ಪ್ರತಿಯೊಂದು ಗುಂಪುಚಿತ್ರದ ಹಿಂದೆ, ಯಾರು ಯಾರಿದ್ದಾರೆ, ಯಾವ ವರ್ಷ ಎಂದು ಮೆತ್ತನೆಯ ಪೆನ್ಸಿಲ್ಲಿನಿಂದ ಇಂದೇ ಬರೆದಿಡಿರಿ. ನಮ್ಮ ಚಿಕ್ಕವ್ವ ಹೇಳಿದ ಕಥೆಯನ್ನು ನಾವು ಆ ಹಲಗೆಯ ಬೆನ್ನಿಗೆ ಬರೆದು ಅಂಟಿಸಿದ್ದೇವೆ. ಮೊಮ್ಮಕ್ಕಳು ಅದನ್ನು ತಿರುಗಿಸಿ ಓದುತ್ತಾರೆ, ಮತ್ತೆ ಮುಂದೆ ತಿರುಗಿಸಿ ಮುತ್ತಜ್ಜಿಯ ಮುಖ ನೋಡುತ್ತಾರೆ.