ಲೆಕ್ಕಕ್ಕೆ ಬಾರದ ಮೆಟ್ಟಿಲುಗಳು

ಹೀಥ್ರೂ ವಿಮಾನ ನಿಲ್ದಾಣದಲ್ಲಿ ಇಳಿದವರಿಗೆ ಲಂಡನ್ ನಗರದೊಳಕ್ಕೆ ಹೋಗಲು ದಾರಿಗಳು ಹಲವು. 1977ರಿಂದ ಅಲ್ಲಿಗೆ ಓಡುತ್ತಿರುವ ಪಿಕಡಿಲಿ ಮಾರ್ಗದ ರೈಲು ಅಗ್ಗದ್ದು. ನಗರದ ನಡುಭಾಗ ಸೇರಲು ಒಂದು ಗಂಟೆಯ ಹತ್ತಿರ ಹಿಡಿಯುತ್ತದೆ. 1998ರಲ್ಲಿ ಆರಂಭವಾದ ಹೀಥ್ರೂ ಎಕ್ಸ್‌ಪ್ರೆಸ್ ಸುಮಾರು 15 ನಿಮಿಷಗಳಲ್ಲಿ ಪ್ಯಾಡಿಂಗ್ಟನ್ ಮುಟ್ಟಿಸುತ್ತದೆ, ಆದರೆ ದುಬಾರಿ. 2022ರಲ್ಲಿ ಬಂದ ಎಲಿಜಬೆತ್ ಮಾರ್ಗ ವೇಗದಲ್ಲಿಯೂ ದರದಲ್ಲಿಯೂ ಇವೆರಡರ ನಡುವಿನದು. ಹೊರಗೆ ಕಪ್ಪು ಟ್ಯಾಕ್ಸಿಗಳ ಸಾಲಂತೂ ಇದ್ದೇ ಇರುತ್ತದೆ.

ಹೊರಡುವುದಕ್ಕೆ ತಿಂಗಳ ಮೊದಲೇ ದೆಹಲಿಯ ಮನೆಯಲ್ಲಿ ಕುಳಿತು ನಾವು ಇವೆಲ್ಲವನ್ನೂ ಕಾಗದದ ಮೇಲೆ ಬರೆದು ತೂಗಿದ್ದೆವು. ನಮ್ಮದು ಸರ್ಕಾರಿ ಸಂಬಳ. ಪೌಂಡನ್ನು ರೂಪಾಯಿಗೆ ತಿರುಗಿಸಿದಾಗಲೆಲ್ಲ ಎದೆ ಧಸಕ್ಕೆನ್ನುತ್ತಿತ್ತು. ಅದರ ಜೊತೆಗೆ ಇಂಗ್ಲಿಷ್ ಎಂ.ಎ.ಯ ಹಮ್ಮು ಬೇರೆ. ಡಿಕನ್ಸ್‌ನನ್ನೂ ವರ್ಜೀನಿಯಾ ವುಲ್ಫ್‌ಳನ್ನೂ ಓದಿದ ನಮಗೆ ಲಂಡನ್ನಿನ ಬೀದಿಗಳು ಹೊಸವೇ? ಬ್ಲೂಮ್ಸ್‌ಬರಿಯಲ್ಲಿಯೇ ಕೋಣೆ ಹಿಡಿದದ್ದೂ ಆ ಹಮ್ಮಿನಿಂದಲೇ. ಪಿಕಡಿಲಿ ಮಾರ್ಗ ನೇರವಾಗಿ ಅಲ್ಲಿನ ರಸೆಲ್ ಸ್ಕ್ವೇರ್ ನಿಲ್ದಾಣಕ್ಕೆ ಹೋಗುತ್ತದೆ. ಎಲ್ಲಿಯೂ ರೈಲು ಬದಲಿಸಬೇಕಿಲ್ಲ. ತೀರ್ಮಾನ ಸುಲಭವಾಯಿತು.

ಜೊತೆಗಿದ್ದ ಅಮ್ಮನಿಗೆ ಎಪ್ಪತ್ತೆರಡು ವರ್ಷ. ಎರಡೂ ಮೊಣಕಾಲು ಸವೆದಿದ್ದವು.

ರೈಲಿನಲ್ಲಿ ಅಮ್ಮ ಖುಷಿಯಾಗಿಯೇ ಇದ್ದರು. ಇಟ್ಟಿಗೆಯ ಮನೆಗಳ ಹಿತ್ತಿಲುಗಳನ್ನು ನೋಡುತ್ತ, "ಇಲ್ಲೂ ಬಟ್ಟೆ ಹೀಗೇ ಹರವ್ತಾರಲ್ಲ" ಎಂದರು. ಬ್ಯಾರನ್ಸ್ ಕೋರ್ಟ್ ದಾಟಿದ ಮೇಲೆ ರೈಲು ನೆಲದೊಳಕ್ಕೆ ಇಳಿಯಿತು.

ರಸೆಲ್ ಸ್ಕ್ವೇರ್‌ನಲ್ಲಿ ಲಿಫ್ಟ್ ಇದೆಯೆಂದು ಓದಿದ್ದೆವು. ಪ್ಲಾಟ್‌ಫಾರ್ಮಿನಿಂದ ಆ ಲಿಫ್ಟಿನವರೆಗೆ ಮೆಟ್ಟಿಲು ಹತ್ತಬೇಕೆಂಬುದನ್ನು ಓದಿರಲಿಲ್ಲ. ಅಮ್ಮ ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿನ ಮೇಲೂ ಎರಡೂ ಪಾದ ಊರಿ, ನಡುವೆ ಮೂರು ಸಲ ನಿಂತು ಹತ್ತಿದರು. ಯಾರೋ ಹುಡುಗನೊಬ್ಬ ಮಾತಿಲ್ಲದೆ ನಮ್ಮ ದೊಡ್ಡ ಪೆಟ್ಟಿಗೆಯನ್ನು ಮೇಲಕ್ಕೆ ಎತ್ತಿಟ್ಟು, ನಾವು ಕೃತಜ್ಞತೆ ಹೇಳುವಷ್ಟರಲ್ಲಿ ಮರೆಯಾದ. ಲಿಫ್ಟಿನೊಳಗೆ ಅಮ್ಮ ಉಸಿರು ಸುಧಾರಿಸಿಕೊಂಡು ಹೇಳಿದರು: "ನೀವಿಬ್ರೂ ದುಡ್ಡಿನ ಲೆಕ್ಕ ಹಾಕಿದ್ರಿ, ಮೆಟ್ಟಿಲಿನ ಲೆಕ್ಕ ಹಾಕ್ಲಿಲ್ಲ." ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಮಗೆ ಹಗುರವಾಗುತ್ತಿತ್ತು.

ರಾತ್ರಿ ಊದಿದ ಮೊಣಕಾಲಿಗೆ ಎಣ್ಣೆ ತಿಕ್ಕಿದ ಮೇಲೆ ಲಂಡನ್ನಿನ ರೈಲು ನಕ್ಷೆಯನ್ನು ಮತ್ತೆ ತೆರೆದೆವು. ಮೆಟ್ಟಿಲು ಹತ್ತದೆ ಹೊರಬರಬಹುದಾದ ನಿಲ್ದಾಣಗಳಿಗೆ ಗಾಲಿಕುರ್ಚಿಯ ಗುರುತು ಹಾಕಿದ್ದರು. ಮುಂದಿನ ನಿಲ್ದಾಣವಾದ ಕಿಂಗ್ಸ್ ಕ್ರಾಸ್‌ಗೆ ಆ ಗುರುತಿತ್ತು. ಎಲಿಜಬೆತ್ ಮಾರ್ಗದ ಎಲ್ಲ ನಿಲ್ದಾಣಗಳಿಗೂ ಇತ್ತು. ಅಲ್ಲಿಂದ ಕೋಣೆಗೆ ಸ್ವಲ್ಪ ದೂರ ಟ್ಯಾಕ್ಸಿ ಸಾಕಾಗುತ್ತಿತ್ತು. ಗಾಲಿಕುರ್ಚಿಯನ್ನೇ ಒಳಗೆ ಏರಿಸುವ ವ್ಯವಸ್ಥೆ ಕಪ್ಪು ಟ್ಯಾಕ್ಸಿಗಳಲ್ಲಿದೆ. ಈ ನಕ್ಷೆ ಮೊದಲಿನಿಂದಲೂ ನಮ್ಮ ಮೊಬೈಲಿನಲ್ಲಿಯೇ ಇತ್ತು. ನಾವು ದರವನ್ನೂ ನಿಮಿಷವನ್ನೂ ಮಾತ್ರ ಓದಿಕೊಂಡಿದ್ದೆವು.

ನಮ್ಮ ಪ್ರವಾಸ ಐದು ದಿನದ್ದು. ಬ್ರಿಟಿಷ್ ಮ್ಯೂಸಿಯಂ ನಡೆದು ಹೋಗುವಷ್ಟು ಹತ್ತಿರದಲ್ಲಿತ್ತು. ಅಮ್ಮನಿಗೆ ಅಷ್ಟೂ ಆಗಲಿಲ್ಲ. ಮೊದಲ ಮೂರು ದಿನ ಅವರು ಕಂಡ ಲಂಡನ್ ಕೋಣೆಯ ಕಿಟಕಿಯಷ್ಟೇ.

ಮರಳುವ ದಿನ ಟಾಟನ್‌ಹ್ಯಾಮ್ ಕೋರ್ಟ್ ರೋಡ್ ನಿಲ್ದಾಣದವರೆಗೆ ಟ್ಯಾಕ್ಸಿ, ಅಲ್ಲಿಂದ ಎಲಿಜಬೆತ್ ಮಾರ್ಗ. ಬೀದಿಯಿಂದ ಪ್ಲಾಟ್‌ಫಾರ್ಮಿನವರೆಗೂ ಲಿಫ್ಟಿನಲ್ಲಿಯೇ ಇಳಿದೆವು. ಖರ್ಚನ್ನು ಅಂದು ಯಾರೂ ರೂಪಾಯಿಗೆ ತಿರುಗಿಸಲಿಲ್ಲ.

ಈಗ ಊರಿನಿಂದ ಹಿರಿಯರು ದೆಹಲಿಗೆ ಬರುತ್ತೇವೆಂದಾಗ, ರೈಲು ಎಷ್ಟು ಹೊತ್ತಿಗೆ ಎಂದು ಕೇಳುವ ಮೊದಲು ಮೊಣಕಾಲು ಹೇಗಿದೆ ಎಂದು ಕೇಳುತ್ತೇವೆ. ಅವರನ್ನು ಕರೆತರಲು ಹೋದಾಗ ಸ್ವಲ್ಪ ಮುಂಚೆಯೇ ನಿಲ್ದಾಣ ಸೇರಿ, ಮೇಲ್ಸೇತುವೆಗೆ ಮೆಟ್ಟಿಲೆಷ್ಟು, ಲಿಫ್ಟ್ ನಡೆಯುತ್ತಿದೆಯೇ ಎಂದು ನೋಡಿಕೊಂಡಿರುತ್ತೇವೆ.