ಮೇಷ್ಟ್ರ ಯೆಜ್ಡಿ

2025ರ ನವೆಂಬರಿನಲ್ಲಿ ನಮ್ಮ ಸಂಘದ ರಾಜ್ಯೋತ್ಸವ ನಡೆದ ಭಾನುವಾರ, ರಸೀದಿ ಪುಸ್ತಕ ಹಿಡಿದು ಬಾಗಿಲ ಬಳಿ ಕೂರಬೇಕಾಗಿದ್ದ ನಾನು ನಾಪತ್ತೆಯಾಗಿದ್ದೆ. ನನಗೆ ಜ್ವರವೆಂದು ಕೆಲವರೂ, ಆಫೀಸಿನಲ್ಲಿ ಆಡಿಟ್ ಎಂದು ಕೆಲವರೂ ಹೇಳಿದರಂತೆ. ಎರಡೂ ನಿಜವಲ್ಲ. ವೇದಿಕೆಯ ಮೇಲೆ ನಾಡಗೀತೆ ನಡೆಯುತ್ತಿದ್ದ ಹೊತ್ತಿಗೆ ನಾನು ಇಲ್ಲಿಂದ ಮುನ್ನೂರು ಕಿಲೋಮೀಟರ್‌ಗೆ ತುಸು ಕಡಿಮೆ ದೂರದಲ್ಲಿ, ಗುತ್ತಿಯ ಹತ್ತಿರ ಹೆದ್ದಾರಿಯ ಪಕ್ಕದ ಒಂದು ಕಲ್ಲಿನ ಮೇಲೆ, ಎರಡೂ ಕೈ ಮಸಿ ಮಾಡಿಕೊಂಡು ಕೂತಿದ್ದೆ. ಸಂಪಾದಕರು ‘ಕಾರಣ ಬರೆದುಕೊಡಿ, ಹಾಜರಿ ಹಾಕುತ್ತೇನೆ’ ಎಂದು ತಮಾಷೆ ಮಾಡಿದ್ದರಿಂದ ಈ ಅರಿಕೆ.

ನಾನು ಮೈಸೂರಿನವನು. ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿ, ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ಗುಮಾಸ್ತನಾಗಿ 2004ರಲ್ಲಿ ಹೈದರಾಬಾದಿಗೆ ಬಂದವನು. 2011ರಿಂದ ಮನೆ ಶಂಶಾಬಾದಿನಲ್ಲಿ. ಮನೆಯಲ್ಲಿ ಒಂದು ಸ್ಕೂಟರಿದೆ. ನಮ್ಮ ಮೂವರಿಗೆ ಅದು ಸಾಲದೆಂದು ಯಾರೂ ಹೇಳಿರಲಿಲ್ಲ. ಹೀಗಿರುವಾಗ ಅಕ್ಟೋಬರಿನ ಒಂದು ರಾತ್ರಿ ಒಂಟಿಕೊಪ್ಪಲಿನಿಂದ ಮೇಷ್ಟ್ರ ಫೋನು. ‘ಗಾಡಿ ಕೊಟ್ಟುಬಿಡ್ತಾ ಇದೀನಿ ಕಣೋ. ಮಂಡಿ ಆಪರೇಷನ್ ಆದಮೇಲೆ ಕಿಕ್ ಹೊಡೆಯೋಕೆ ಆಗಲ್ಲ. ಬೆಂಗಳೂರಿನೋನು ಒಬ್ಬ ಬಂದು ಒಂದು ಲಕ್ಷ ಅಂದ. ಬಣ್ಣ ಬಳಿದು ಶೋಕೇಸಿನಲ್ಲಿಡ್ತಾನಂತೆ. ನಿನಗೆ ಬೇಕೇನೋ?’

ಬೇಕು ಎಂದು ನಾನು ಹೇಳಿದ್ದು ಯೋಚಿಸಿ ಅಲ್ಲ. ಫೋನಿಟ್ಟಮೇಲೆ ನೋಡಿದರೆ ನನ್ನಾಕೆ ಎದುರಿಗೇ ನಿಂತಿದ್ದಳು.

ಮೈಸೂರಿನವರಿಗೆ ಯೆಜ್ಡಿ ಎಂದರೆ ಏನೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. 1960ರಲ್ಲಿ ಐಡಿಯಲ್ ಜಾವಾ ಕಂಪನಿ ಸ್ಥಾಪನೆಯಾಗಿ, ಮರುವರ್ಷದಿಂದ ಯಾದವಗಿರಿಯ ಕಾರ್ಖಾನೆಯಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಮೋಟಾರ್ ಸೈಕಲ್ಲುಗಳನ್ನು ತಯಾರಿಸತೊಡಗಿದರು. 1973ರಿಂದ ಅವುಗಳ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಇತ್ತೀಚೆಗೆ ಬೇರೊಂದು ಕಂಪನಿಯವರು ಜಾವಾ ಮತ್ತು ಯೆಜ್ಡಿ ಹೆಸರುಗಳನ್ನು ಮತ್ತೆ ತಂದಿದ್ದಾರೆ, ಆದರೆ ಅವು ಬೇರೆಯೇ ಗಾಡಿಗಳು. ಮೇಷ್ಟ್ರದು 1992ರ ರೋಡ್‌ಕಿಂಗ್, ಕಪ್ಪು ಬಣ್ಣದ್ದು, ಎರಡು ಸೈಲೆನ್ಸರಿನದು. ಅದು ಹುಟ್ಟಿದ ಜಾಗ ನಮ್ಮ ಬೀದಿಯಿಂದ ನಡೆದು ಹೋಗುವಷ್ಟೇ ದೂರ.

ಪ್ರತಿದಿನ ಬೆಳಗ್ಗೆ ಒಂಬತ್ತೂಕಾಲಿಗೆ ಮೇಷ್ಟ್ರು ಅದನ್ನು ಚಾಲೂ ಮಾಡಿದರೆ ಬೀದಿಯೆಲ್ಲ ನೀಲಿ ಹೊಗೆ. ನಮ್ಮ ತಂದೆಯವರಿಗೆ ಆ ಹೊಗೆ ಆಗುತ್ತಿರಲಿಲ್ಲ. ಒಂಬತ್ತೂ ಹತ್ತಕ್ಕೇ ಎದ್ದು ಮುಂದಿನ ಕಿಟಕಿ ಧಡಾರೆಂದು ಮುಚ್ಚುವರು. ಶಬ್ದ ಮೇಷ್ಟ್ರಿಗೆ ಕೇಳಲಿ ಎಂಬುದೇ ಉದ್ದೇಶ. ಇಬ್ಬರಿಗೂ ಅಷ್ಟಾಗಿ ಮಾತಿರಲಿಲ್ಲ.

1998ರ ಮಳೆಗಾಲ. ನಾನಾಗ ಎರಡನೆಯ ಬಿ.ಎಸ್ಸಿ. ರಾತ್ರಿ ಎರಡು ಗಂಟೆಗೆ ತಂದೆಯವರು ಎದೆ ಹಿಡಿದುಕೊಂಡು ಹಾಸಿಗೆಯಲ್ಲಿ ಎದ್ದು ಕೂತರು. ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಆಟೋ ಹುಡುಕಲು ಓಡಿದ ನಾನು ಸರ್ಕಲ್ಲಿನವರೆಗೆ ಹೋಗಿ ಬರಿಗೈಲಿ ವಾಪಸು ಬರುವಷ್ಟರಲ್ಲಿ, ಅಮ್ಮನ ಕೂಗು ಕೇಳಿ ಎದ್ದ ಮೇಷ್ಟ್ರು ಗಾಡಿ ಹೊರಗೆ ತಂದು ನಿಲ್ಲಿಸಿದ್ದರು. ಅಂಗಿ ಹಾಕಿರಲಿಲ್ಲ, ಬನಿಯನ್ನು ಮತ್ತು ಪಂಚೆ. ‘ಮಧ್ಯದಲ್ಲಿ ಕೂರಿಸು, ನೀನು ಹಿಂದೆ ಕೂತು ಭದ್ರವಾಗಿ ಅಪ್ಪಿಕೋ’ ಎಂದರು. ಹಾಗೆ ಮೂವರೂ ಆ ಮಳೆಯಲ್ಲಿ ಕೆ.ಆರ್.ಎಸ್. ರಸ್ತೆ ಹಿಡಿದು, ರೈಲ್ವೆ ಸ್ಟೇಷನ್ ದಾಟಿ ದೊಡ್ಡಾಸ್ಪತ್ರೆಗೆ ಹೋದೆವು. ತಂದೆಯವರ ತಲೆ ಮೇಷ್ಟ್ರ ಬೆನ್ನಿನ ಮೇಲೆ ಒರಗಿತ್ತು. ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ನನಗೆ ತಿಳಿಯುತ್ತಿರಲಿಲ್ಲ, ಏಕೆಂದರೆ ಇಂಜಿನ್ನಿನ ನಡುಕದಲ್ಲಿ ನಮ್ಮ ಮೂವರ ಮೈಯೂ ಒಂದೇ ಸಮನೆ ನಡುಗುತ್ತಿತ್ತು.

ತಂದೆಯವರು ಆಮೇಲೆ ಒಂಬತ್ತು ವರ್ಷ ಬದುಕಿದರು. ಮೇಷ್ಟ್ರಿಗೆ ಅವರು ಬಾಯಿ ಬಿಟ್ಟು ಏನೂ ಹೇಳಿದಂತೆ ನನಗೆ ನೆನಪಿಲ್ಲ. ಆದರೆ ಆಸ್ಪತ್ರೆಯಿಂದ ಬಂದಮೇಲೆ ಬೆಳಗಿನ ಹೊತ್ತು ಕಿಟಕಿ ಮುಚ್ಚುವುದನ್ನು ಬಿಟ್ಟರು.

ಇದನ್ನು ನನ್ನಾಕೆಗೆ ಮದುವೆಯಾದ ಹೊಸದರಲ್ಲೇ ಹೇಳಿದ್ದೆ. ಅಂದು ರಾತ್ರಿ ಅವಳು ಕೇಳಿದ್ದು ಒಂದೇ ಪ್ರಶ್ನೆ: ‘ರೈಲಿನಲ್ಲಿ ಪಾರ್ಸಲ್ ಹಾಕಿ ತರ್ತೀರೋ, ಓಡಿಸಿಕೊಂಡು ಬರ್ತೀರೋ?’ ಓಡಿಸಿಕೊಂಡು ಎಂದೆ. ‘ವಯಸ್ಸು ನಲವತ್ತಾರು’ ಎಂದು ನೆನಪು ಮಾಡಿ ಒಳಗೆ ಹೋದಳು. ದುಡ್ಡಿನ ಮಾತೇ ಎತ್ತಲಿಲ್ಲ. ಮೇಷ್ಟ್ರು ನನಗೆ ಹೇಳಿದ ಬೆಲೆ 40 ಸಾವಿರ. ಹೆಚ್ಚು ಕೊಡಲು ಹೋದರೆ ಬೈದರು, ಕಡಿಮೆಗೆ ಕೇಳಿದ್ದರೂ ಬೈಯುತ್ತಿದ್ದರು.

ಗುರುವಾರ ಸಂಜೆ ಕಾಚಿಗೂಡದಲ್ಲಿ ರೈಲು ಹತ್ತಿ ಶುಕ್ರವಾರ ಬೆಳಗ್ಗೆ ಮೈಸೂರಿನಲ್ಲಿ ಇಳಿದೆ. ಅಂದು ಮಧ್ಯಾಹ್ನವೇ ಹೊರಟು ಶನಿವಾರ ಮನೆ ಸೇರುವುದು, ಭಾನುವಾರ ರಸೀದಿ ಪುಸ್ತಕ ಹಿಡಿಯುವುದು ನನ್ನ ಯೋಜನೆ. ಮೇಷ್ಟ್ರು ಬಿಡಲಿಲ್ಲ. ಎಂಬತ್ತೊಂದು ವರ್ಷದ ಮುದುಕರು ಕುರ್ಚಿ ಹಾಕಿಕೊಂಡು ಅಂಗಳದಲ್ಲಿ ಕೂತು, ಹಿಂದೆ ನಮಗೆ ವ್ಯಾಕರಣ ಹೇಳಿಕೊಟ್ಟ ಧಾಟಿಯಲ್ಲಿಯೇ ಪಾಠ ಆರಂಭಿಸಿದರು. ಇದು ಟೂ ಸ್ಟ್ರೋಕ್ ಇಂಜಿನ್. ಇದಕ್ಕೆ ಬೇರೆ ಎಣ್ಣೆಯಿಲ್ಲ, ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಇದರ ಅನ್ನಸಾರು; ಲೀಟರಿಗೆ 40 ಎಂ.ಎಲ್. ಇಳಿಜಾರಿನಲ್ಲಿ ಗೇರಿನಲ್ಲಿಟ್ಟು ಥ್ರಾಟಲ್ ಪೂರ್ತಿ ಮುಚ್ಚಿಕೊಂಡು ಬಹಳ ದೂರ ಹೋಗಬೇಡ, ಪೆಟ್ರೋಲು ನಿಂತರೆ ಎಣ್ಣೆಯೂ ನಿಂತಿತು, ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಗಂಟೆಗೊಮ್ಮೆ ನಿಲ್ಲಿಸು. ಕಿಕ್ಕರ್ ಬೇರೆ, ಗೇರ್ ಬೇರೆ ಎಂದು ಹುಡುಕಬೇಡ, ಎರಡೂ ಒಂದೇ ಕಡ್ಡಿ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಕೆಳಗೆ ತಂದರೆ ಗೇರ್. ಇಷ್ಟನ್ನೂ ನನ್ನಿಂದ ತಿರುಗಿ ಹೇಳಿಸಿದರು. ಹನ್ನೆರಡನೆಯ ಕಿಕ್ಕಿಗೆ ಗಾಡಿ ಚಾಲೂ ಆಯಿತು. ‘ಮೂರನೇದಕ್ಕೆ ಆಗೋದು, ನಿನಗೆ ಹೊಸದು’ ಎಂದರು.

ನಾನು ಗುಮಾಸ್ತ, ನನ್ನ ಕಣ್ಣು ಕಾಗದಗಳ ಮೇಲೆ. ಹದಿನೈದು ವರ್ಷ ತುಂಬಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಮೇಷ್ಟ್ರು ಒಂದು ಸಲವೂ ತಪ್ಪಿಸಿರಲಿಲ್ಲ, 2027ರವರೆಗೆ ಊರ್ಜಿತವಿತ್ತು. ವಿಮೆ ಇತ್ತು. ಮಾರಾಟದ 29, 30ನೆಯ ನಮೂನೆಗಳಿಗೂ, ಬೇರೆ ರಾಜ್ಯಕ್ಕೆ ಒಯ್ಯಲು ನಿರಾಕ್ಷೇಪಣಾ ಪತ್ರ ಕೇಳುವ 28ನೆಯ ನಮೂನೆಗೂ ರುಜು ಹಾಕಿದರು. ಆ ಕೊನೆಯ ಕಾಗದಕ್ಕೆ ರುಜು ಹಾಕಿ ಪೆನ್ನು ಮುಚ್ಚುತ್ತ, ‘ಒಂದು ಮಾತು. ಬಣ್ಣ ಬಳಿಸಬೇಡ, ನಂಬರ್ ಬದಲಾಯಿಸಬೇಡ’ ಎಂದರು.

‘ಆಗಲಿ ಸಾರ್’ ಎಂದೆ.

ಅದು ಸುಳ್ಳು. ಹೇಳುವಾಗಲೇ ಸುಳ್ಳೆಂದು ನನಗೆ ಗೊತ್ತಿತ್ತು. 1988ರ ಮೋಟಾರು ವಾಹನ ಕಾಯ್ದೆಯ 47ನೆಯ ಕಲಮಿನಂತೆ ಒಂದು ರಾಜ್ಯದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿಯದೇ ಹೊಸ ಸಂಖ್ಯೆ ಪಡೆಯಬೇಕು. ನಾನು ಹೈದರಾಬಾದಿಗೆ ಬಂದಮೇಲೆ ಇಲ್ಲಿಯ ಸಂಖ್ಯೆಗಳೇ ಎಪಿ ಇದ್ದದ್ದು 2014ರಲ್ಲಿ ಟಿಎಸ್ ಆಗಿ, 2024ರಲ್ಲಿ ಟಿಜಿ ಆಗಿವೆ. ಕೆಎ 09 ಮಾತ್ರ ನನ್ನ ಮಾತಿಗಾಗಿ ಉಳಿಯುತ್ತದೆಯೇ? ಆ ನಿರಾಕ್ಷೇಪಣಾ ಪತ್ರದ ಅರ್ಥವೇ ಅದು. ಅದನ್ನು ಅವರಿಗೆ ಹೇಳಬೇಕಾಗಿತ್ತು. ಹೇಳಿದ್ದರೆ ಗಾಡಿ ಕೊಡುತ್ತಿದ್ದರೋ ಇಲ್ಲವೋ ಎಂಬ ಭಯ.

ಶನಿವಾರ ಬೆಳಗ್ಗೆ ಐದೂವರೆಗೆ ಹೊರಟೆ. ಬೆಂಗಳೂರಿನ ಹೊಸ ದಶಪಥ ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟಿನಿಂದ ದ್ವಿಚಕ್ರ ವಾಹನಗಳನ್ನು ಬಿಡುವುದಿಲ್ಲ. ಪಕ್ಕದ ರಸ್ತೆಯಲ್ಲಿ ಹೋಗಿ ಬೆಂಗಳೂರಿನ ಸಂದಣಿಯಲ್ಲಿ ಸಿಕ್ಕಿಕೊಳ್ಳುವುದಕ್ಕಿಂತ ಹಳೆಯ ದಾರಿಯೇ ವಾಸಿ ಎಂದು ಶ್ರೀರಂಗಪಟ್ಟಣ, ನಾಗಮಂಗಲ, ಬೆಳ್ಳೂರು, ಕುಣಿಗಲ್ ಮೇಲೆ ತುಮಕೂರಿಗೆ ಬಂದೆ. ತುಮಕೂರಿನ ಒಂದು ಸಿಗ್ನಲ್ಲಿನಲ್ಲಿ ಗಾಡಿ ನಿಂತು, ಮತ್ತೆ ಕಿಕ್ ಹೊಡೆದು, ಕಡ್ಡಿ ಕೆಳಗೆ ತರುವುದನ್ನು ಮರೆತು ಗೇರಿಗಾಗಿ ಗಾಳಿಯಲ್ಲಿ ಕಾಲಾಡಿಸಿದ್ದನ್ನು ಒಂದಿಡೀ ಸಿಟಿ ಬಸ್ಸು ನೋಡಿ ನಕ್ಕಿತು. ಕೊರಟಗೆರೆಯಿಂದ ಮಧುಗಿರಿಯ ಬೆಟ್ಟದವರೆಗಿನ ದಾರಿಯಲ್ಲಿ ಮಾತ್ರ, ಹೊಲದ ತುಂಬ ಬಿಸಿಲು ಬಿದ್ದಿರುವಾಗ, ನನಗೆ ನಲವತ್ತಾರು ಎಂಬುದು ಮರೆತುಹೋಯಿತು.

ಹಿಂದೂಪುರದಲ್ಲಿ ಆಂಧ್ರ. ಚಹದ ಅಂಗಡಿಯಲ್ಲಿ ನಾನು ರೂಢಿಯಂತೆ ತೆಲುಗಿನಲ್ಲಿ ಕೇಳಿದರೆ, ಅಂಗಡಿಯವನು ಗಾಡಿಯ ಹಿಂಬದಿ ನೋಡಿ, ‘ಸಕ್ಕರೆ ಹಾಕ್ಲಾ ಸಾರ್?’ ಎಂದು ಕನ್ನಡದಲ್ಲೇ ಕೇಳಿದ. ಇಪ್ಪತ್ತು ವರ್ಷದಿಂದ ಬಸ್ಸಿನಲ್ಲಿ, ರೈಲಿನಲ್ಲಿ ಈ ಸೀಮೆ ದಾಟಿದ್ದೇನೆ. ಯಾರೂ ನನ್ನ ಮುಖ ನೋಡಿ ಕನ್ನಡ ಮಾತಾಡಿಸಿರಲಿಲ್ಲ. ಅಲ್ಲಿಂದ ಪೆನುಕೊಂಡ ದಾಟಿ, 44ನೆಯ ಹೆದ್ದಾರಿ ಹಿಡಿದು, ಕತ್ತಲಾಗುವ ಮೊದಲು ಅನಂತಪುರ ಸೇರಿದೆ. ಹೆಡ್‌ಲೈಟು ಮಂಕು, ರಾತ್ರಿ ಓಡಿಸಬೇಡವೆಂದು ಮೇಷ್ಟ್ರ ಅಪ್ಪಣೆಯೂ ಇತ್ತು.

ಭಾನುವಾರ ಬೆಳಗ್ಗೆ ಗುತ್ತಿಗೆ ಇನ್ನು ನಾಲ್ಕೈದು ಕಿಲೋಮೀಟರ್ ಇರುವಾಗ ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಪ್ಲಗ್ ಬಿಚ್ಚಿ ಒರೆಸಿ ಹಾಕಿದೆ. ಆಗಲಿಲ್ಲ. ತಳ್ಳಿಕೊಂಡು ಹೋದಾಗ ಸಿಕ್ಕಿದ್ದು ಹಳೆಯ ಟೈರುಗಳ ರಾಶಿಯ ಹಿಂದಿನ ಒಂದು ಶೆಡ್ಡು. ಅಲ್ಲಿದ್ದ ಹಿರಿಯ ಮೆಕ್ಯಾನಿಕ್ ಗಾಡಿಯನ್ನು ಒಂದು ಸುತ್ತು ಹಾಕಿ, ನಂಬರ್ ಓದಿ, ‘ಮೈಸೂರಿಂದ ತಂದ್ರಾ?’ ಎಂದ. ಬಳ್ಳಾರಿಯಲ್ಲಿ ಕೆಲಸ ಕಲಿತವನಂತೆ. ಪೆಟ್ರೋಲ್ ಪೈಪನ್ನು ಕೈಯಲ್ಲಿ ಹಿಸುಕಿದರೆ ಅದು ಹಲಸಿನ ತೊಳೆಯಂತೆ ಮೆತ್ತಗಾಗಿತ್ತು. ಟ್ಯಾಂಕಿನ ತಳದ ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ಹಿಡಿದು ನನ್ನ ಕೈಗಿತ್ತ.

ಆ ಬಾಟಲಿಯಲ್ಲಿ ಎರಡು ಪದರಗಳಿದ್ದವು. ಮೇಲೆ ಎಣ್ಣೆಯ ಬಣ್ಣದ ಪೆಟ್ರೋಲು, ಕೆಳಗೆ ಎರಡು ಬೆರಳಿನಷ್ಟು ಕದಡಿದ ತಿಳಿ ದ್ರವ. ಪ್ರಯೋಗಶಾಲೆಯ ಸೆಪರೇಟಿಂಗ್ ಫನೆಲ್ಲನ್ನು ಬಿಟ್ಟಮೇಲೆ ಇಂಥದ್ದನ್ನು ನಾನು ನೋಡಿರಲಿಲ್ಲ! ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್ ಇರುತ್ತದೆ. ಎಥನಾಲಿಗೆ ನೀರೆಂದರೆ ಪ್ರೀತಿ. ಗಾಳಿಯ ತೇವವನ್ನೂ ಹೀರಿಕೊಂಡೀತು. ನೀರು ಒಂದು ಮಿತಿ ದಾಟಿತೆಂದರೆ ಎರಡೂ ಕೂಡಿ ಪೆಟ್ರೋಲನ್ನು ಬಿಟ್ಟು ತಳಕ್ಕಿಳಿಯುತ್ತವೆ. ಹಳೆಯ ರಬ್ಬರನ್ನು ಅದು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಮಂಡಿ ನೋವಿನಿಂದ ಮೇಷ್ಟ್ರು ಗಾಡಿ ಮುಟ್ಟದೆ ಬಿಟ್ಟ ಆ ತಿಂಗಳುಗಳಲ್ಲಿ ಟ್ಯಾಂಕಿನೊಳಗೆ ಈ ಕೆಲಸ ಮೌನವಾಗಿ ನಡೆದಿತ್ತು. ಇಪ್ಪತ್ತು ವರ್ಷದಿಂದ ಟಿಪ್ಪಣಿ, ಕರಡು ಎಂದು ಬರೆಯುತ್ತ ಬಂದ ನನ್ನ ಬಿ.ಎಸ್ಸಿ. ಒಂದು ಶೆಡ್ಡಿನಲ್ಲಿ ಉಪಯೋಗಕ್ಕೆ ಬಂತು. ಇದನ್ನೆಲ್ಲ ನಾನು ಮೆಕ್ಯಾನಿಕ್ಕಿಗೆ ವಿವರಿಸಿದೆ. ಅವನು ಸಾವಧಾನವಾಗಿ ಕೇಳಿ, ‘ಗೊತ್ತು ಸಾರ್, ಅದಕ್ಕೇ ತೋರಿಸಿದ್ದು’ ಎಂದ.

ಟ್ಯಾಂಕ್ ತೊಳೆದು, ಹೊಸ ಪೈಪು ಹಾಕಿ, ಕಾರ್ಬ್ಯುರೇಟರಿನ ಜೆಟ್ಟಿನಲ್ಲಿ ಸಿಕ್ಕಿದ್ದ ರಬ್ಬರಿನ ಚೂರು ಊದಿ ತೆಗೆಯುವ ಹೊತ್ತಿಗೆ ಹನ್ನೊಂದು ದಾಟಿತ್ತು. ನನ್ನ ಕುರ್ಚಿಯಲ್ಲಿ ಬೇರೆ ಯಾರೋ ಕೂತಿರುವ ಹೊತ್ತು. ಅವನು 250 ರೂಪಾಯಿ ತೆಗೆದುಕೊಂಡ, ಮೇಲೆ ಶೆಡ್ಡಿನಿಂದ ಪೆಟ್ರೋಲ್ ಬಂಕಿನವರೆಗೆ ತಾನೇ ಓಡಿಸುತ್ತೇನೆಂದು ನನ್ನನ್ನು ಹಿಂದೆ ಕೂರಿಸಿಕೊಂಡ. ಮೇಷ್ಟ್ರ ಗಾಡಿಯ ಹಿಂದಿನ ಸೀಟಿನಲ್ಲಿ ನಾನು ಕೂತದ್ದು 1998ರ ನಂತರ ಅದೇ ಮೊದಲು. ಅವನಿಗೆ ಅದು ಗೊತ್ತಿಲ್ಲ. ರಸ್ತೆಯುದ್ದಕ್ಕೂ ಶಿಳ್ಳೆ ಹಾಕುತ್ತಿದ್ದ.

ಕರ್ನೂಲಿನಲ್ಲಿ ತುಂಗಭದ್ರೆ, ಬೀಚುಪಲ್ಲಿಯಲ್ಲಿ ಕೃಷ್ಣೆ. ಬೀಚುಪಲ್ಲಿಯ ಆಂಜನೇಯನ ಗುಡಿಯ ಬಳಿ ಇಂಜಿನ್ ಆರಲೆಂದು ನಿಲ್ಲಿಸಿದ್ದಾಗ ರಾಣೆಬೆನ್ನೂರಿನ ಲಾರಿಯವನೊಬ್ಬ ತಾನಾಗಿ ಬಂದು ಮಾತಾಡಿಸಿ, ಕಟ್ಟಿಕೊಂಡಿದ್ದ ರೊಟ್ಟಿಯಲ್ಲಿ ಒಂದು ಕೊಟ್ಟ. ಶಾದನಗರ ದಾಟಿದಮೇಲೆ ಪೊಲೀಸಿನವರೂ ಅದೇ ನಂಬರ್ ನೋಡಿ ನಿಲ್ಲಿಸಿದರು. ಅವರು ರೊಟ್ಟಿ ಕೊಡಲಿಲ್ಲ, ಕಾಗದ ನೋಡಿ ಬಿಟ್ಟರು. ಕತ್ತಲಾಗುವಷ್ಟರಲ್ಲಿ ಶಂಶಾಬಾದ್. ಸುಮಾರು 680 ಕಿಲೋಮೀಟರಿಗೆ 26 ಲೀಟರು. ಗೇಟಿನ ಬಳಿ ಮಗಳು ಮೂಗು ಮುಚ್ಚಿಕೊಂಡು ನಿಂತಿದ್ದಳು. ನನ್ನಾಕೆ ಹೊರಗೆ ಬಂದು ಮೊದಲು ನನ್ನನ್ನೂ ಆಮೇಲೆ ಗಾಡಿಯನ್ನೂ ನೋಡಿ, ಮುಂದಿನ ಕಿಟಕಿಗಳನ್ನು ಮುಚ್ಚಲಿಲ್ಲ.

ಅಂದಿನಿಂದ ಆ ‘ಆಗಲಿ ಸಾರ್’ ನನ್ನ ಗಂಟಲಲ್ಲಿ ಮುಳ್ಳು. ಆಫೀಸಿನ ಗೆಳೆಯರೊಬ್ಬರು, ನಾವು ಕೇಂದ್ರ ಸರ್ಕಾರದವರು, ಬಿಎಚ್ ಸರಣಿಗೆ ಪ್ರಯತ್ನಿಸಬಹುದಲ್ಲ ಎಂದರು. ಅದರಲ್ಲಿಯೂ ಕೆಎ 09 ಉಳಿಯುವುದಿಲ್ಲ. 27ನೆಯ ನಮೂನೆ ತಂದು ಮೇಜಿನ ಖಾನೆಯಲ್ಲಿಟ್ಟು, ತುಂಬದೆ ದಿನ ದೂಡಿದೆ. ಇನ್ನೊಬ್ಬರ ಕಡತವಾಗಿದ್ದರೆ ನಾನೇ ಜ್ಞಾಪನಾ ಪತ್ರ ಕಳಿಸುತ್ತಿದ್ದೆ. ಕೊನೆಗೆ ಹಿಂದಿನ ಭಾನುವಾರ ಧೈರ್ಯ ಮಾಡಿ ಮೇಷ್ಟ್ರಿಗೆ ಫೋನು ಮಾಡಿದೆ. ಕಾನೂನು ಹೀಗಿದೆ ಸಾರ್, ನನಗೆ ಅಂದೇ ಗೊತ್ತಿತ್ತು, ನಿಮಗೆ ಮಾತು ಕೊಟ್ಟು ತಪ್ಪು ಮಾಡಿದೆ ಎಂದು ಒಂದೇ ಉಸಿರಿಗೆ ಹೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

‘ನಂಬರ್ ಬದಲಾಯಿಸಬೇಡ ಅಂದೆನೇನೋ ನಾನು? ನೆನಪೇ ಇಲ್ಲ. ಅದಿರಲಿ, ಎಣ್ಣೆ ಲೀಟರಿಗೆ ನಲವತ್ತು ಹಾಕ್ತಿದೀಯೋ ಇಲ್ಲವೋ?’

ನಾನು ಮೂವತ್ತು ಹಾಕುತ್ತಿದ್ದೆ. ಹೊಗೆ ಕಡಿಮೆಯಾಗಲೆಂದು. ಇನ್ನೊಂದು ಸುಳ್ಳು ಬೇಡವೆಂದು ಇದ್ದದ್ದನ್ನೇ ಹೇಳಿದೆ. ಆಮೇಲೆ ಕಾಲು ಗಂಟೆ ಬೈಸಿಕೊಂಡೆ.