ಪಾವಟಿಗೆಯ ಅಳತೆ

ನಮ್ಮ ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಹಳೆಯ ಮನೆಗಳಲ್ಲಿ ಮಾಳಿಗೆಯನ್ನೇರುವ ಪಾವಟಿಗೆಗಳು ಎಷ್ಟೋ ಕಡೆ ಗೋಡೆಯ ಹೊಟ್ಟೆಯೊಳಗೇ ಅಡಗಿರುತ್ತವೆ. ನಮ್ಮ ಮನೆಯದೂ ಅಂಥದೇ: ನಾಲ್ಕು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ, ಅದರೊಳಗೊಂದು ಕತ್ತಲೆಯ ಕಿರುದಾರಿ. ದುರಸ್ತಿಗೆ ಮುನ್ನ ಅದನ್ನಳೆಯುವ ಕೆಲಸ ನನ್ನ ಪಾಲಿಗೆ ಬಂದಿತು.

ಒಟ್ಟು ಎತ್ತರವನ್ನು ಮೆಟ್ಟಿಲುಗಳ ಸಂಖ್ಯೆಯಿಂದ ಭಾಗಿಸಿದರೆ ಸಾಕೆಂದರು ಗೌಂಡಿಯವರು. ಎತ್ತರ 110 ಇಂಚು, ಮೆಟ್ಟಿಲು 11. ತಲಾ 10 ಇಂಚಾಯಿತು. ಆದರೆ ಕಾಲು ಸರಾಸರಿಯ ಮೇಲೆ ಊರುವುದಿಲ್ಲವಷ್ಟೆ! ಒಂದೊಂದನ್ನೇ ಅಳೆದಾಗ ಕೆಳಗಿನದು 9 ಇಂಚು, ಐದನೆಯದು 12, ಕೊನೆಯದು 11. ನಾಲ್ಕು ಮೆಟ್ಟಿಲು ಒಂದೇ ಹದದಲ್ಲಿ ಏರಿದ ಕಾಲು ಐದನೆಯದನ್ನೂ ಅಷ್ಟೇ ಎತ್ತರದಲ್ಲಿ ಹುಡುಕುತ್ತದೆ, ಎಡವುವುದು ಅಲ್ಲಿಯೇ. ಎಪ್ಪತ್ತೆಂಟರ ನಮ್ಮ ಅವ್ವ ಇಂದಿಗೂ ಹಪ್ಪಳ ಒಣಗಿಸಲು ಅದನ್ನೇ ಏರುತ್ತಾಳೆ. "ಹಳೇ ಪಾವಟಿಗಿ ನನ್ನ ಕಾಲಿಗಿ ಗೊತ್ತದ" ಎಂಬುದು ಅವಳ ವಾದ.

ಕೆಳಗೆ ಶಹಾಬಾದಿ ಫರಸಿ ಹಾಸಿದರೆ ಗಾರೆ ಸಹಿತ ನೆಲ 3 ಇಂಚು ಏರುತ್ತದೆ. ಆದ್ದರಿಂದ ಬರಲಿರುವ ನೆಲದಿಂದಲೇ ಅಳೆಯಬೇಕು. ಉಳಿಯುವುದು 107 ಇಂಚು. ಮನೆಯ ಮೆಟ್ಟಿಲು 190 ಮಿಲಿಮೀಟರಿಗಿಂತ ಎತ್ತರವಿರಬಾರದು, 250ಕ್ಕಿಂತ ಕಿರಿದಿರಬಾರದೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. 15 ಮೆಟ್ಟಿಲು ಮಾಡಿದರೆ ಒಂದೊಂದೂ 7 ಇಂಚು 1 ನೂಲು, ಅಂದರೆ ಸುಮಾರು 181 ಮಿಲಿಮೀಟರು. (ಇಂಚಿನ ಎಂಟನೆಯ ಒಂದು ಪಾಲು ನಮಗೆ ನೂಲು, ಮರಾಠಿ ಮಾತಿನ ಗೌಂಡಿಗೆ ಸೂತ, ಎರಡೂ ದಾರವೇ!) ಕಾಲಿಡುವ ಜಾಗ ತಲಾ 10 ಇಂಚು ಹಿಡಿದರೆ ಬೇಕಾಗುವ ಉದ್ದ 11 ಅಡಿ 8 ಇಂಚು. ಹಳೆಯ ದಾರಿಯ ಉದ್ದವೋ 7 ಅಡಿಯೂ ಇಲ್ಲ.

"ಗೋಡೆಯನ್ನು ಇನ್ನಷ್ಟು ಕೊರೆಯೋಣ" ಎಂದರು ಗೌಂಡಿಯವರು. ನಾನು ಒಪ್ಪಲಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವಾದಾಗ ಮಲಗಿದ್ದವರ ಮೇಲೆ ಉರುಳಿದವು ಇಂಥ ಗೋಡೆಗಳೇ. ಒಳಗೊಂದು, ಹೊರಗೊಂದು ಕಲ್ಲಿನ ಪದರ. ನಡುವೆ ಮಣ್ಣು, ಕಲ್ಲುಚೂರು. ಎರಡನ್ನೂ ಹಿಡಿದಿಡುವ ಉದ್ದಗಲ್ಲುಗಳಿಲ್ಲ. ಮೇಲೆ ಮಾಳಿಗೆಯ ಮಣ್ಣಿನ ಭಾರ. ಈಗಾಗಲೇ ಟೊಳ್ಳಾದ ಗೋಡೆಯನ್ನು ಮತ್ತೆ ಕೊರೆಯುವುದುಂಟೆ? ಹಳೆಯ ದಾರಿಯನ್ನು ಉದ್ದಗಲ್ಲು ಸೇರಿಸಿ ಕಟ್ಟಿ ಮುಚ್ಚುವುದು, ಹೊಸ ಪಾವಟಿಗೆಯನ್ನು ಅಂಗಳದಲ್ಲಿ ಕಟ್ಟುವುದು ಎಂದು ನಿಶ್ಚಯವಾಯಿತು.

ಅವ್ವ ಮಾತ್ರ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಅಂಗಳದಲ್ಲಿ ಇಟ್ಟಿಗೆ, ಹಲಗೆಗಳನ್ನು ನೂಲು ತಪ್ಪದಂತೆ ಜೋಡಿಸಿ ಮೂರು ಮೆಟ್ಟಿಲು ಮಾಡಿದೆವು. ಅವಳು ಮೊಣಕಾಲಿಗೆ ಕೈಯೂರದೆ ಏರಿದಳು, ಇಳಿದಳು, ಮತ್ತೊಮ್ಮೆ ಏರಿದಳು. ಆಮೇಲೆ ಗೌಂಡಿಯವರನ್ನು ಕರೆದು, ಹಿಡಿದುಕೊಳ್ಳುವ ಕಂಬಿ ಎಡಗಡೆಗೇ ಬರಬೇಕು, ಬಲಗೈಯಲ್ಲಿ ಹಪ್ಪಳದ ಮೊರ ಇರುತ್ತದೆ ಎಂದಳು.